ಬೀಸುಕಲ್ಲಿನ ಹಾಡು

ಬೆಂಗಳೂರಿನಲ್ಲಿ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವ ಮಗ ಮುಕ್ಕುಂದಕ್ಕೆ ಬಂದಾಗಲೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಕೆಲಸಕ್ಕೆ ಕೂಡುತ್ತಾನೆ. “ವಚನ ಹಚ್ಚಿಕೊಳ್ಳಪ್ಪ” ಎಂದೆ. “ಮಾತಿದ್ರ ಲೆಕ್ಕ ತಪ್ಪತೈತವ್ವ, ಬರೇ ಸಿತಾರ ಸಾಕು” ಎಂದ.

ನನಗೆ ನನ್ನವ್ವ ನೆನಪಾದಳು. ನಸುಕಿನಲ್ಲಿ ಜೋಳ ಬೀಸುತ್ತ ತ್ರಿಪದಿ ಹಾಡುತ್ತಿದ್ದಳು. ಮೂರು ಸಾಲಿನ ಆ ಪದಕ್ಕೆ ಕಲ್ಲಿನ ಸುತ್ತೇ ತಾಳ. ದುಡಿಮೆ ಕೈಗೆ, ಮನಸ್ಸು ಬಿಡುವು. ಅಲ್ಲಿ ಮಾತು ಬೇಕಿತ್ತು. ತವರಿನ ಸುಖ, ಅತ್ತೆಮನೆಯ ದುಃಖ ಹಿಟ್ಟಿನೊಡನೆ ಉದುರುತ್ತಿದ್ದವು.

ಯಂತ್ರ ಬಂದ ಮೇಲೂ ದುಡಿಮೆಗೆ ಸಂಗೀತ ಬೇಕಾಯಿತು. ಮಹಾಯುದ್ಧದ ನಡುವೆ, 1940ರ ಜೂನ್‌ನಲ್ಲಿ, ಬಿ.ಬಿ.ಸಿ. ರೇಡಿಯೋ ಬ್ರಿಟನ್ನಿನ ಕಾರ್ಖಾನೆಯ ಕೆಲಸಗಾರರಿಗೆಂದೇ ದಿನಕ್ಕೆರಡು ಸಲ ಸಂಗೀತ ಬಿತ್ತರಿಸತೊಡಗಿತು. 1967ರವರೆಗೆ ನಡೆದ ಆ ಕಾರ್ಯಕ್ರಮದಲ್ಲಿ ವಾದ್ಯಗಳದೇ ಮೇಲುಗೈ. ಮಗನ ಆಯ್ಕೆ ಹೊಸದೇನಲ್ಲ. ಉತ್ತರಪತ್ರಿಕೆ ತಿದ್ದುವಾಗ ನಾನೂ ರೇಡಿಯೋ ಆರಿಸುತ್ತೇನೆ. ಅಕ್ಷರದ ಕೆಲಸಕ್ಕೆ ಮಾತು ಅಡ್ಡಿ.

ಊರಿಗೆ ಹಿಟ್ಟಿನ ಗಿರಣಿ ಬಂದಾಗ ಅವ್ವನ ಕಲ್ಲು ಮೂಲೆ ಸೇರಿತು, ಹಾಡು ನಿಂತಿತು. ಹಲಸಂಗಿಯ ಗೆಳೆಯರು ಇಂಥ ಪದಗಳನ್ನು ಹೆಣ್ಣುಮಕ್ಕಳಿಂದ ಕೇಳಿ ಬರೆದುಕೊಂಡು 1931ರಲ್ಲೇ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದ್ದರು. ಬಿ.ಎ., ಬಿ.ಎಡ್. ಓದಿದ ನಾನು ನನ್ನವ್ವನದೊಂದನ್ನೂ ಬರೆದಿಡಲಿಲ್ಲ. ಮಗನಿಗೆ ತೋರಿಸಲು ಈಗ ಕಲ್ಲಷ್ಟೇ ಉಳಿದಿದೆ.