ಯಲಹಂಕದಲ್ಲಿ ಇಳಿದು ಹತ್ತಬೇಕಿತ್ತು

ಮೊನ್ನೆ ಒಂದು ಕಂಪನಿಯ ಬಲ್ಬಿಗೂ ಇನ್ನೊಂದು ಕಂಪನಿಯ ಸ್ಪೀಕರಿಗೂ ಪರಿಚಯ ಮಾಡಿಸೋಕೆ ಹೋಗಿ ಸಾಕುಬೇಕಾಯ್ತು. ಒಂದಕ್ಕೆ ಜಿಗ್‌ಬೀ ಮಾತ್ರ ಬರುತ್ತೆ, ಇನ್ನೊಂದಕ್ಕೆ ವೈಫೈ ಬಿಟ್ಟರೆ ಬೇರೆ ಗೊತ್ತಿಲ್ಲ. ಈ ತಾಪತ್ರಯಕ್ಕೆಂದೇ ಅಮೆಜಾನ್, ಆಪಲ್, ಗೂಗಲ್ ಎಲ್ಲ 2019ರಲ್ಲಿ ಒಟ್ಟಿಗೆ ಕೂತವು. 2022ರ ಅಕ್ಟೋಬರಿನಲ್ಲಿ ‘ಮ್ಯಾಟರ್’ ಅನ್ನೋ ಸಮಾನ ನಿಯಮ ಹೊರಗೆ ಬಂತು. ಸರಿ, ಅದಕ್ಕೂ ಮುಂಚೆ ಸಾಮಾನು ಕೊಂಡವರ ಗತಿ? ಹಾಗೆ ಗೊಣಗುತ್ತಾ ಕೂತಾಗ ನೆನಪಾದದ್ದು ನಮ್ಮ ಸೀಮೆಯ ರೈಲು.

ಗೌರಿಬಿದನೂರಿನ ಮೇಲೆ ಗುಂತಕಲ್ಲಿಗೆ ಹೋಗುತ್ತಿದ್ದದ್ದು ಮೀಟರ್ ಗೇಜ್. ಹೆಸರೇ ಹೇಳುವಂತೆ ಹಳಿಗಳ ನಡುವೆ 1000 ಮಿಲಿಮೀಟರ್. ಅತ್ತ ಬೌರಿಂಗ್‌ಪೇಟೆಯಲ್ಲಿ, ಅಂದರೆ ಈಗಿನ ಬಂಗಾರಪೇಟೆಯಲ್ಲಿ, ಮದರಾಸಿನ ಬ್ರಾಡ್ ಗೇಜ್, 1676. ಇವೆರಡರ ನಡುವೆ ಸಿಕ್ಕಿಕೊಂಡ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಕೋಲಾರಗಳಿಗೆ ಬಂದದ್ದು ಮೂರನೇದು! ಎರಡೂವರೆ ಅಡಿಯ ನ್ಯಾರೋ ಗೇಜ್, 762. ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ 1913ರಲ್ಲಿ, ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ, ಆಮೇಲೆ ನಡುವಿನ ತುಂಡು.

ಯಾಕೆ ಹೀಗೆ ಅಂದರೆ ದುಡ್ಡು, ಇನ್ನೇನು. ಚಿಕ್ಕ ಹಳಿಗೆ ಖರ್ಚು ಕಮ್ಮಿ, ತಿರುವೂ ಸುಲಭ. ಹಾಕುವಾಗ ಉಳಿದ ದುಡ್ಡನ್ನು ಆಮೇಲೆ ಜನ ಕೊಟ್ಟರು, ಮೈ ಬೆವರಿನಲ್ಲಿ. ಗೌರಿಬಿದನೂರಿನವರು ರೈಲಿನಲ್ಲಿ ಚಿಂತಾಮಣಿಗೆ ಹೋಗಬೇಕಾದರೆ ಯಲಹಂಕದಲ್ಲಿ ಇಳಿದು ಬೇರೆ ಗಾಡಿ ಹತ್ತಬೇಕು. ಮನುಷ್ಯರಾದರೆ ನಡೆದು ಹೋಗುತ್ತಾರೆ, ಮೂಟೆಗಳಿಗೆ ಕಾಲಿಲ್ಲವಲ್ಲ. ಒಂದೊಂದನ್ನೂ ಇಳಿಸಬೇಕು, ಹೊರಬೇಕು, ಮತ್ತೆ ಹೇರಬೇಕು. ಎಂಜಿನ್ ಎಷ್ಟು ಗಟ್ಟಿ ಇದ್ದರೇನು, ವ್ಯಾಗನ್ ಮಾತ್ರ ಈ ಹಳಿಯಿಂದ ಆ ಹಳಿಗೆ ಹೋಗದು.

ಗುಂತಕಲ್ಲಿನ ದಾರಿ 1980ರ ದಶಕದಲ್ಲಿ ಬ್ರಾಡ್ ಗೇಜ್ ಆಯ್ತು. ತೊಂಬತ್ತರ ದಶಕದಲ್ಲಿ ನಮ್ಮ ಪುಟ್ಟ ರೈಲಿನ ಎರಡೂ ತುದಿಗಳನ್ನು, ಅತ್ತ ಕೋಲಾರದವರೆಗೆ, ಇತ್ತ ಚಿಕ್ಕಬಳ್ಳಾಪುರದವರೆಗೆ, ಅಗಲ ಮಾಡಿದರು. ನಡುವೆ ಉಳಿದ ಶಿಡ್ಲಘಟ್ಟ, ಚಿಂತಾಮಣಿಗಳಿಗೆ ಹಳೇ ರೈಲೂ ಹೋಯ್ತು, ಹೊಸದೂ ಬರಲಿಲ್ಲ. ಎಲ್ಲರಿಗೂ ಒಂದೇ ಅಳತೆ ಅಂತ ತೀರ್ಮಾನವಾದ ಮೇಲೇ ಅವರು ಒಂಟಿಯಾದದ್ದು! ರೇಷ್ಮೆಗೂಡಿಗೆ ಹೆಸರಾದ ಶಿಡ್ಲಘಟ್ಟ ವರ್ಷಗಟ್ಟಲೆ ಬಸ್ಸು, ಲಾರಿಗಳನ್ನೇ ನಂಬಿಕೊಂಡಿತ್ತು. ಕೋಲಾರದಿಂದ ಚಿಕ್ಕಬಳ್ಳಾಪುರಕ್ಕೆ ಬ್ರಾಡ್ ಗೇಜ್ ರೈಲು ಓಡಿದ್ದು 2013ರಲ್ಲಿ.

ಅಂದ ಹಾಗೆ, ಆ ದಾರಿಯಲ್ಲಿ ನಂದಿ ಹಾಲ್ಟ್ ಅಂತ ಒಂದು ಪುಟ್ಟ ಸ್ಟೇಷನ್ ಇದೆ. ಕಟ್ಟಡ ನ್ಯಾರೋ ಗೇಜ್ ಕಾಲದ್ದು. ಬೆಟ್ಟಕ್ಕೆ ಹೋದಾಗ ಒಮ್ಮೆ ಇಣುಕಿ ಬನ್ನಿ. ಬಲ್ಬನ್ನು ಸದ್ಯಕ್ಕೆ ಸ್ವಿಚ್ಚಿನಲ್ಲೇ ಹಾಕುತ್ತಿದ್ದೇನೆ :)