ತುದಿ ಎರಡೂ ಗಟ್ಟಿ ಇರಬೇಕು

ನಮ್ಮಕ್ಕನ ಮಗ ನೆಲದಿಂದ ಏಳೋದನ್ನ ನೋಡಿ ನಾವೆಲ್ಲ ನಗ್ತಿದ್ವಿ. ಮೊದಲು ಬಾಗಿ ಕೈ ಊರುತ್ತಿದ್ದ, ಆಮೇಲೆ ಮೊಣಕಾಲು ಹಿಡಿದು, ತೊಡೆ ಹಿಡಿದು, ತನ್ನ ಮೈಮೇಲೆ ತಾನೇ ಹತ್ತುವವನ ಹಾಗೆ ನಿಧಾನಕ್ಕೆ ನೆಟ್ಟಗಾಗುತ್ತಿದ್ದ. ಥೇಟ್ ಅಜ್ಜನ ಥರ ಅನ್ನೋದು ಮನೆಯ ಜೋಕು. ಮೀನಖಂಡ ದಪ್ಪಗಿದೆ ಅಂತ ಭಾವ ಫುಟ್‌ಬಾಲ್ ಬೇರೆ ತಂದುಕೊಟ್ಟಿದ್ದರು. ಐದನೇ ವಯಸ್ಸಿನಲ್ಲಿ ಒಬ್ಬ ಮಕ್ಕಳ ಡಾಕ್ಟರು ಅವನು ಏಳೋದನ್ನ ನೋಡಿದರು. ಅವರು ನಗಲಿಲ್ಲ. ರಕ್ತ ಪರೀಕ್ಷೆ, ಜೀನ್ ಪರೀಕ್ಷೆ ಎಲ್ಲಾ ಆದಮೇಲೆ ಗೊತ್ತಾಗಿದ್ದು: ಡುಶೇನ್ ಮಸ್ಕ್ಯುಲರ್ ಡಿಸ್ಟ್ರೋಫಿ. ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ.

ನಾನು ಕೋಡ್ ಬರೆಯೋನು, ಬಯಾಲಜಿಗೂ ನನಗೂ ಪಿಯುಸಿಗೇ ಋಣ ಮುಗಿದಿತ್ತು. ಆದರೂ ಅವತ್ತು ರಾತ್ರಿಯಿಂದ ಓದೋಕೆ ಕೂತೆ.

ನಾವು ನಕ್ಕ ಆ ಏಳುವ ರೀತಿಗೂ ಒಂದು ಹೆಸರಿದೆ. 1879ರಲ್ಲಿ ಅದನ್ನು ವಿವರಿಸಿದ ಲಂಡನ್ನಿನ ವೈದ್ಯ ವಿಲಿಯಂ ಗವರ್ಸ್‌ನ ಹೆಸರು. ಕಾಯಿಲೆಗೆ 1860ರ ದಶಕದಲ್ಲಿ ಅದರ ಬಗ್ಗೆ ಬರೆದ ಫ್ರಾನ್ಸಿನ ಡುಶೇನ್ ಹೆಸರು ಅಂಟಿತು. ಆದರೆ ಇಬ್ಬರಿಗಿಂತ ಮೊದಲೇ, 1851ರಲ್ಲಿ, ಲಂಡನ್ನಿನ ಎಡ್ವರ್ಡ್ ಮೆರಿಯನ್ ಎಂಬ ವೈದ್ಯ ಸತ್ತ ಹುಡುಗನ ಸ್ನಾಯುವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ್ದ. ನರಗಳಲ್ಲಿ ದೋಷ ಇಲ್ಲ, ಹರಿದಿರೋದು ಸ್ನಾಯುವಿನ ಎಳೆಯ ಹೊರಪೊರೆ ಅಂದಿದ್ದ. ಆ ಮಾತು ಎಷ್ಟು ಸರಿ ಅಂತ ಜಗತ್ತಿಗೆ ಗೊತ್ತಾಗೋಕೆ ನೂರಮೂವತ್ತು ವರ್ಷದ ಮೇಲೆ ಬೇಕಾಯ್ತು.

1986ರಲ್ಲಿ ಬಾಸ್ಟನ್ನಿನ ಲೂಯಿಸ್ ಕುಂಕೆಲ್ ತಂಡ ಎಕ್ಸ್ ಕ್ರೋಮೋಸೋಮಿನಲ್ಲಿದ್ದ ಜೀನನ್ನು ಹಿಡಿಯಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಅಕ್ಷರಗಳ ದೈತ್ಯ ಜೀನ್, ಅದರಲ್ಲಿ ಎಕ್ಸಾನ್ ಎಂಬ 79 ತುಣುಕುಗಳು. ಮರುವರ್ಷ ಅದು ತಯಾರಿಸುವ ಪ್ರೋಟೀನೂ ಸಿಕ್ಕಿತು, ಡಿಸ್ಟ್ರೋಫಿನ್ ಅಂತ ಹೆಸರಿಟ್ಟರು. ಸ್ನಾಯುವಿನ ಒಟ್ಟು ಪ್ರೋಟೀನಿನಲ್ಲಿ ಇದರ ಪಾಲು ಸುಮಾರು 0.002%. ಇಷ್ಟೇ ಇಷ್ಟು ಇಲ್ಲದಿದ್ದರೆ ಯಾಕೆ ಇಷ್ಟೊಂದು ಅನಾಹುತ?

ಉತ್ತರ ಬಂದದ್ದು ಅಮೆರಿಕದ ಅಯೋವಾದಿಂದ. ಕೆವಿನ್ ಕ್ಯಾಂಬೆಲ್ ಲ್ಯಾಬ್ 1990ರ ಆಸುಪಾಸಿನಲ್ಲಿ ತೋರಿಸಿದ್ದು ಏನಂದ್ರೆ, ಡಿಸ್ಟ್ರೋಫಿನ್ ಒಂಟಿಯಲ್ಲ, ಅದೊಂದು ಸರಪಳಿಯ ಕೊಂಡಿ. ಅದರ ಒಂದು ತುದಿ ಜೀವಕೋಶದ ಒಳಗಿರುವ ಆಕ್ಟಿನ್ ಎಳೆಗಳನ್ನು ಹಿಡಿದಿರುತ್ತೆ. ಇನ್ನೊಂದು ತುದಿ ಪೊರೆಯನ್ನು ತೂರಿ ನಿಂತ ಡಿಸ್ಟ್ರೋಗ್ಲೈಕನ್ನನ್ನು ಹಿಡಿದಿರುತ್ತೆ. ಡಿಸ್ಟ್ರೋಗ್ಲೈಕನ್ ಹೊರಗಡೆ ಲ್ಯಾಮಿನಿನ್ ಕೈ ಹಿಡಿಯುತ್ತೆ. ಡೇರೆಯ ಬಟ್ಟೆಯನ್ನು ಒಳಗೆ ಕಂಬಕ್ಕೂ ಹೊರಗೆ ಗೂಟಕ್ಕೂ ಬಿಗಿದ ಹಾಗೆ. ಈ ಹಗ್ಗ ಇಲ್ಲದ ಸ್ನಾಯು ಕೆಲಸ ಮಾಡಿದಾಗೆಲ್ಲ ಪೊರೆ ಸೀಳುತ್ತೆ, ಕ್ಯಾಲ್ಸಿಯಂ ಒಳನುಗ್ಗುತ್ತೆ, ಎಳೆ ಸಾಯುತ್ತೆ. ಮೆರಿಯನ್ ನೋಡಿದ್ದು ಅದನ್ನೇ.

ಇದು ಬರೀ ಹಗ್ಗವೂ ಅಲ್ಲ. ನೈಟ್ರಿಕ್ ಆಕ್ಸೈಡ್ ತಯಾರಿಸುವ ಒಂದು ಕಿಣ್ವ ಇದೇ ಸರಪಳಿಗೆ ಅಂಟಿಕೊಂಡು ಕೂತಿರುತ್ತೆ ಅಂತ 1995ರಲ್ಲಿ ತಿಳೀತು. ನೀವು ಜಿಮ್ಮಿನಲ್ಲಿ ಭಾರ ಎತ್ತಿದಾಗ, ‘ಇಲ್ಲಿಗೆ ರಕ್ತ ಬೇಕು, ನಾಳ ಹಿಗ್ಗಿಸಿ’ ಅನ್ನೋ ಸುದ್ದಿ ಹೋಗೋದು ಇದರಿಂದ. ಡಿಸ್ಟ್ರೋಫಿನ್ ಹೋದರೆ ಅದೂ ಜಾಗ ಬಿಡುತ್ತೆ. ಆಧಾರ ಕುಸಿದಾಗ ಸುದ್ದಿಯೂ ನಿಲ್ಲುತ್ತೆ.

ಇಷ್ಟು ಓದಿದಾಗ ಸಿಕ್ಕ ಇನ್ನೊಂದು ವಿಷಯ ನನ್ನ ನಿದ್ದೆ ಕೆಡಿಸಿತು. 1990ರಲ್ಲಿ ವರದಿಯಾದ ಒಬ್ಬ ರೋಗಿಯಲ್ಲಿ ಡಿಸ್ಟ್ರೋಫಿನ್ನಿನ 46% ಭಾಗವೇ ಇರಲಿಲ್ಲ. ಆದರೂ ಅರವತ್ತು ದಾಟಿದ ಮೇಲೂ ಆತ ನಡೀತಿದ್ದ! ನಮ್ಮ ಹುಡುಗ ಕಳಕೊಂಡಿದ್ದು 45ನೇ ಎಕ್ಸಾನ್ ಒಂದೇ, 176 ಅಕ್ಷರ. ವ್ಯತ್ಯಾಸ ಏನು? ಜೀನನ್ನು ಮೂರು ಮೂರು ಅಕ್ಷರವಾಗಿ ಓದಬೇಕು. 176 ಮೂರರಿಂದ ಭಾಗವಾಗಲ್ಲ. ಒಂದು ಬ್ರಾಕೆಟ್ ತಪ್ಪಿದರೆ ಕೆಳಗಿನ ಕೋಡೆಲ್ಲಾ ಕೆಡೋ ಹಾಗೆ, ಅಲ್ಲಿಂದ ಮುಂದಿನದೆಲ್ಲ ಕಸ. ಕೊನೆಯ ತುದಿ ಹುಟ್ಟೋದೇ ಇಲ್ಲ. ಆ ವ್ಯಕ್ತಿಗೆ ಹೋಗಿದ್ದು ನಡುವಿನ ಭಾಗ. ಹಗ್ಗ ಗಿಡ್ಡವಾಗಿತ್ತು, ಆದರೆ ಎರಡೂ ಕಡೆ ಕಟ್ಟಿತ್ತು.

ಮೈಕ್ರೋ-ಡಿಸ್ಟ್ರೋಫಿನ್ ಚಿಕಿತ್ಸೆಯ ಹಿಂದಿರೋದು ಇದೇ ಪಾಠ. ಇಡೀ ಜೀನ್ ವೈರಸ್ಸಿನ ಚೀಲದಲ್ಲಿ ಹಿಡಿಸಲ್ಲ, ಹಾಗಾಗಿ ಮುಖ್ಯ ತುದಿಗಳನ್ನಿಟ್ಟು ನಡುವೆ ಕತ್ತರಿಸಿದ್ದಾರೆ. 2023ರಲ್ಲಿ ಅಮೆರಿಕದಲ್ಲಿ ಒಂದಕ್ಕೆ ಅನುಮತಿಯೂ ಸಿಕ್ತು. ಅದು ಎಷ್ಟು ಫಲ ಕೊಡುತ್ತೆ, ಎಷ್ಟು ಸುರಕ್ಷಿತ ಅನ್ನೋ ವಾದ ಇನ್ನೂ ನಡೀತಿದೆ. ಅಕ್ಕನಿಗೆ ಇದನ್ನೆಲ್ಲ ಹೇಳಿದಾಗ ಅವಳು ಕೇಳಿದ್ದು ಒಂದೇ: ‘ನಮಗೆ ಯಾವಾಗ?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವನಿಗೀಗ ಒಂಬತ್ತು. ಸ್ಟೀರಾಯ್ಡ್, ಫಿಸಿಯೋಥೆರಪಿ ನಡೀತಿದೆ. ಮೆಟ್ಟಿಲ ಹತ್ತಿರ ನಿಂತು ಕೈ ಚಾಚುತ್ತಾನೆ, ಯಾರಾದರೂ ಹಿಡೀತೀವಿ. ನಿಮ್ಮ ಮನೆಯಲ್ಲೋ ಪಕ್ಕದ ಫ್ಲ್ಯಾಟಿನಲ್ಲೋ ಯಾವುದಾದ್ರೂ ಮಗು ಹೀಗೆ ತೊಡೆ ಹಿಡಿದು ಎದ್ದರೆ, ದಯವಿಟ್ಟು ನಗಬೇಡಿ. ಡಾಕ್ಟರ ಹತ್ತಿರ ಕರಕೊಂಡು ಹೋಗಿ, ಸಿಪಿಕೆ ಅನ್ನೋ ರಕ್ತ ಪರೀಕ್ಷೆ ಬೇಕಾ ಅಂತ ಕೇಳಿ. ನಾವು ಎರಡು ವರ್ಷ ನಕ್ಕಿದ್ವಿ.