ಮುಂಗೈಯ ಚರ್ಮಕ್ಕೂ ಒಂದು ಇತಿಹಾಸ

ಕತಾರಿನಲ್ಲೇ ಹುಟ್ಟಿ ಇಲ್ಲವೇ ಬೆಳೆದು, ಒತ್ತಕ್ಷರಗಳ ಜೊತೆ ಗುದ್ದಾಡಿ ಕನ್ನಡ ಕಲಿತು, ಈಗ ಕಾಲೇಜಿನ ಮೆಟ್ಟಿಲೇರಿರುವ ನಿಮಗಾಗಿ ಈ ಸಲದ ಮಾತು. ಇತಿಹಾಸ ಎಂದರೆ ಪುಲಿಕೇಶಿ, ಕೃಷ್ಣದೇವರಾಯ ಎಂದುಕೊಂಡು ಕಿವಿ ಕೊಟ್ಟವರಿಗೆ ಇವತ್ತು ಬೇರೆ ಅಡುಗೆ. ನಿಮ್ಮ ಮುಂಗೈಯ ಮೇಲಿರುವ ಚರ್ಮದ ಚರಿತ್ರೆ ಹೇಳುತ್ತೇನೆ.

ನಾನು ಓದಿದ್ದು ಕನ್ನಡ ಎಂ.ಎ. ಹಾಗಾಗಿ ಪದದಿಂದಲೇ ಶುರು ಮಾಡೋಣ. ನಮ್ಮಲ್ಲಿ 'ಕೋಶ' ಎಂದರೆ ಬೊಕ್ಕಸ. ಪದಗಳನ್ನು ಕೂಡಿಟ್ಟ ನಿಘಂಟೂ ಕೋಶವೇ, ಶಬ್ದಕೋಶ. 1665ರಲ್ಲಿ ರಾಬರ್ಟ್ ಹುಕ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಕಾರ್ಕ್ ತೊಗಟೆಯ ತೆಳು ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಕಂಡ ಪುಟ್ಟ ಗೂಡುಗಳಿಗೆ 'ಸೆಲ್' ಎಂದ. ಅಂದರೆ ಸಣ್ಣ ಕೋಣೆ. ಅವನಿಗೆ ಕಂಡಿದ್ದು ಬರಿಯ ಗೋಡೆ. ನಾವು ಅದಕ್ಕೆ 'ಜೀವಕೋಶ' ಎಂದೆವು. ನನ್ನನ್ನು ಕೇಳಿದರೆ ನಮ್ಮ ಪದವೇ ಹೆಚ್ಚು ಹೊಂದುತ್ತದೆ. ಕೋಣೆ ಖಾಲಿ ಇರಬಹುದು, ಬೊಕ್ಕಸದಲ್ಲಿ ಏನಾದರೂ ಇರಲೇಬೇಕಲ್ಲ.

ಏನಿದೆ ಎನ್ನುವುದು ನಿಮಗೆ ಗೊತ್ತು, ಡಿಎನ್‌ಎ. ಮನುಷ್ಯನ ಒಂದೊಂದು ಕೋಶದಲ್ಲೂ ಅದರ ಉದ್ದ ಸುಮಾರು 2 ಮೀಟರ್. ಅದರಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳೇ ಸುಮಾರು 20,000. ಕಣ್ಣಿನ ಕೋಶದಲ್ಲೂ ಅದೇ, ಚರ್ಮದ ಕೋಶದಲ್ಲೂ ಅದೇ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅದನ್ನೇ ಮನೆಮನೆಗೂ ಒಂದೊಂದು ಪ್ರತಿ ಕೊಟ್ಟಿದ್ದಾರೆ ಎಂದುಕೊಳ್ಳಿ. ಎಲ್ಲ ಪುಟಗಳನ್ನೂ ಯಾರೂ ತೆರೆಯುವುದಿಲ್ಲ. ಚರ್ಮದ ಕೋಶ ತನಗೆ ಬೇಕಾದ ಪುಟಗಳನ್ನಷ್ಟೇ ತೆರೆದು ಓದುತ್ತದೆ. ಈ ಓದಿಗೇ 'ಜೀನ್ ಅಭಿವ್ಯಕ್ತಿ' ಎನ್ನುತ್ತಾರೆ.

ಹಾಗಾದರೆ ಯಾವ ಪುಟ ತೆರೆಯಬೇಕು ಎಂದು ಹೇಳುವವರು ಯಾರು? ಬಹುಕಾಲ ಎಲ್ಲರ ದೃಷ್ಟಿಯೂ ರಾಸಾಯನಿಕಗಳ ಮೇಲಿತ್ತು: ಹಾರ್ಮೋನು ಬಂತು, ಜೀನ್ ಎದ್ದಿತು. ಅದು ಸುಳ್ಳಲ್ಲ. ಆದರೆ ಕೋಶ ಉಂಡೆಯಾಗಿ ಕೂತಿದೆಯೋ, ಚಪ್ಪಟೆಯಾಗಿ ಹರಡಿದೆಯೋ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ ಎಂದು ತೋರಿಸಿದವರಲ್ಲಿ ಅಮೆರಿಕದ ಜೂಡಾ ಫೋಕ್‌ಮನ್ ಮತ್ತು ಆನ್ ಮಾಸ್ಕೋನಾ ಮೊದಲ ಸಾಲಿನವರು. 1978ರಲ್ಲಿ ಅವರು ಕಾಂಟ್ಯಾಕ್ಟ್ ಲೆನ್ಸಿಗೆ ಬಳಸುವಂಥ ಒಂದು ವಸ್ತುವನ್ನು ಪ್ಲಾಸ್ಟಿಕ್ ತಟ್ಟೆಗೆ ತೆಳುವಾಗಿ, ದಪ್ಪಗೆ ಬಳಿದು, ಕೋಶಗಳ ಹಿಡಿತವನ್ನು ಹೆಚ್ಚು ಕಡಿಮೆ ಮಾಡಿದರು. ಹಿಡಿತ ಕಡಿಮೆಯಾದಂತೆ ಕೋಶ ಉಂಡೆಯಾಯಿತು. ಉಂಡೆಯಾದಂತೆ ಹೊಸ ಡಿಎನ್‌ಎ ತಯಾರಿಕೆ ಇಳಿಯಿತು.

ಈಗ ಚರ್ಮಕ್ಕೆ ಬರೋಣ. ನಮ್ಮ ಹೊರಚರ್ಮದ ತಳದಲ್ಲಿ ಒಂದು ಸಾಲು ಕೋಶಗಳು ನೆಲಕ್ಕೆ ಅಂಟಿಕೊಂಡಿರುತ್ತವೆ. ಅವು ಒಡೆದು ಎರಡಾಗುತ್ತವೆ. ನೆಲ ಬಿಟ್ಟು ಮೇಲೆ ಹೊರಟದ್ದು ಮತ್ತೆ ಒಡೆಯುವುದಿಲ್ಲ. ಗಟ್ಟಿಯಾಗುತ್ತಾ ಬಂದು, ಕೊನೆಗೆ ಸತ್ತು, ಹೊಟ್ಟಿನಂತೆ ಉದುರುತ್ತದೆ. ಈ ಕೋಶಗಳನ್ನು ದೇಹದ ಹೊರಗೆ ಬೆಳೆಸುವುದು ಬಹಳ ಕಷ್ಟವಾಗಿತ್ತು. 1975ರಲ್ಲಿ ಜೇಮ್ಸ್ ರೈನ್‌ವಾಲ್ಡ್ ಮತ್ತು ಹೊವರ್ಡ್ ಗ್ರೀನ್ ಅದನ್ನು ಸಾಧಿಸಿದರು. ಉಪಾಯ ಕೇಳಿ: ಇಲಿಯ ಕೋಶಗಳ ಹಾಸಿಗೆ ಮಾಡಿ, ಅದರ ಮೇಲೆ ಮನುಷ್ಯನ ಚರ್ಮದ ಕೋಶಗಳನ್ನು ಬೆಳೆಸಿದರು. ಆ ಇಲಿಕೋಶದ ಹೆಸರು 3ಟಿ3. ಮೂರು ದಿನಕ್ಕೊಮ್ಮೆ ಮೂರು ಲಕ್ಷ ಕೋಶಗಳನ್ನು ಹೊಸ ತಟ್ಟೆಗೆ ದಾಟಿಸುತ್ತಿದ್ದರಿಂದ ಆ ಹೆಸರು. ಹೆಸರು ನೆನಪಿರಲಿ, ಮುಂದೆ ಬರುತ್ತದೆ. ಇದರ ಫಲ ಸಣ್ಣದಲ್ಲ. 1983ರಲ್ಲಿ ಮೈಯ ಶೇಕಡಾ 95ಕ್ಕೂ ಹೆಚ್ಚು ಭಾಗ ಸುಟ್ಟುಹೋಗಿದ್ದ ಇಬ್ಬರು ಪುಟ್ಟ ಅಣ್ಣತಮ್ಮಂದಿರಿಗೆ, ಅವರದ್ದೇ ಚೂರು ಚರ್ಮವನ್ನು ಹೀಗೆ ಬೆಳೆಸಿ ಹೊದಿಸಿ, ಬಾಸ್ಟನ್ನಿನಲ್ಲಿ ಜೀವ ಉಳಿಸಿದರು.

ಗ್ರೀನ್ ಇನ್ನೊಂದನ್ನೂ ಗಮನಿಸಿದ್ದರು. ಚರ್ಮದ ಕೋಶವನ್ನು ಯಾವುದಕ್ಕೂ ಅಂಟದಂತೆ ಮಂದ ದ್ರವದಲ್ಲಿ ತೇಲಿಬಿಟ್ಟರೆ ಅದು ಬೇಗ ಬಲಿತುಬಿಡುತ್ತಿತ್ತು. ನೆಲ ತಪ್ಪಿದ್ದಕ್ಕೋ, ಆಕಾರ ಬದಲಾಗಿದ್ದಕ್ಕೋ? ಇದನ್ನು ಬಿಡಿಸಿದವರು ಲಂಡನ್ನಿನ ಫಿಯೋನಾ ವಾಟ್ ಮತ್ತು ಜೊತೆಗಾರರು, 1988ರಲ್ಲಿ. ತಟ್ಟೆಯ ಮೇಲೆ ಅಂಟುವ ದುಂಡನೆಯ ದ್ವೀಪಗಳನ್ನು ಮಾಡಿದರು, ಸುತ್ತ ಅಂಟದ ಜಾಗ. ದ್ವೀಪ ದೊಡ್ಡದಿದ್ದರೆ ಕೋಶ ಆರಾಮವಾಗಿ ಕಾಲು ಚಾಚಿ ಹರಡುತ್ತದೆ. ಚಿಕ್ಕದಾದರೆ ಮುದುರಿ ಉಂಡೆಯಾಗುತ್ತದೆ. ಎರಡಕ್ಕೂ ನೆಲ ಇದೆ, ಜಾಗ ಮಾತ್ರ ಬೇರೆ. ಮುದುರಿದ ಕೋಶಗಳು ಡಿಎನ್‌ಎ ತಯಾರಿಕೆ ನಿಲ್ಲಿಸಿ, ಬಲಿತ ಚರ್ಮದ ಗುರುತಾದ ಇನ್ವಾಲುಕ್ರಿನ್ ಎಂಬ ಪ್ರೋಟೀನ್ ಮಾಡತೊಡಗಿದವು. ಬದಲಾದದ್ದು ಕೋಶಕ್ಕೆ ಸಿಕ್ಕ ಜಾಗ, ಅದರಿಂದ ಅದರ ಆಕಾರ. ನನಗೆ ಈ ಇಡೀ ಕತೆಯಲ್ಲಿ ಅತಿ ಇಷ್ಟವಾದ ಪ್ರಯೋಗ ಇದು. ಅಜ್ಜಿಗೂ ಹೇಳಿ ಅರ್ಥ ಮಾಡಿಸಬಹುದು.

ಆದರೆ ಹೊರಗಿನ ಆಕಾರ ಒಳಗಿನ ನಿಘಂಟಿಗೆ ತಿಳಿಯುವುದು ಹೇಗೆ? ಇಲ್ಲಿ ಕತೆ ನಮ್ಮೂರಿಗೆ ಬರುತ್ತದೆ. ಊರಿಗೆ ಹೋದಾಗ ಏರ್‌ಪೋರ್ಟಿನಿಂದ ಬಳ್ಳಾರಿ ರಸ್ತೆಯಲ್ಲಿ ಬರುತ್ತೀರಲ್ಲ, ಹೆಬ್ಬಾಳಕ್ಕೆ ಮೊದಲು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಸಿಗುತ್ತದೆ. ಅದರ ಆವರಣದಲ್ಲೇ ಇದೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎನ್‌ಸಿಬಿಎಸ್. ಇದನ್ನು ಕಟ್ಟಿ ನಿಲ್ಲಿಸಿದವರು ಒಬೈದ್ ಸಿದ್ದಿಕಿ. ಇಲ್ಲಿ ಜಿ.ವಿ. ಶಿವಶಂಕರ್ ಅವರ ಗುಂಪು ಕೋಶಕೇಂದ್ರವನ್ನು ಭೌತಶಾಸ್ತ್ರದ ಕಣ್ಣಿನಿಂದ ನೋಡಿತು. ಕೋಶದೊಳಗೆ ಆಕ್ಟಿನ್ ಎಂಬ ಎಳೆಗಳಿವೆ. ಕೋಶ ನೆಲ ಹಿಡಿದು ಹರಡಿದಾಗ ಅವು ಬಿಗಿಯಾಗುತ್ತವೆ. ಅವುಗಳ ಸೆಳೆತ ಕೋಶಕೇಂದ್ರದ ಪೊರೆಯನ್ನೂ ಎಳೆಯುತ್ತದೆ. ಡೇರೆಯ ಹಗ್ಗಗಳನ್ನು ಗೂಟಕ್ಕೆ ಕಟ್ಟಿದಂತೆ. ಈ ಮರಳುಗಾಡಿನಲ್ಲಿ ಕ್ಯಾಂಪಿಂಗಿಗೆ ಹೋಗುವ ನಿಮಗೆ ಅದನ್ನು ವಿವರಿಸಬೇಕಿಲ್ಲ.

ಮುಂದೆ ಅವರು ಸಿಂಗಾಪುರದ ಮೆಕ್ಯಾನೋಬಯಾಲಜಿ ಸಂಸ್ಥೆಗೆ ಹೋದರು. ಅಲ್ಲಿಂದ 2013ರಲ್ಲಿ ಬಂದ ಪ್ರಯೋಗದಲ್ಲಿ ಮತ್ತೆ ನಮ್ಮ 3ಟಿ3 ಕೋಶಗಳು. ಇವು ಒಳಚರ್ಮದಲ್ಲಿ ಕೊಲ್ಯಾಜೆನ್ ನೇಯುವ ಫೈಬ್ರೋಬ್ಲಾಸ್ಟ್ ಜಾತಿಯವು. ಅಂಟಿನ ಪುಟ್ಟ ಅಚ್ಚುಗಳ ಮೇಲೆ ಕೂರಿಸಿದಾಗ, ಜಾಗ ಕಡಿಮೆಯಾದ ಕೋಶದಲ್ಲಿ ಆಕ್ಟಿನ್ ಸೆಳೆತ ಸಡಿಲವಾಯಿತು. ಆಗ ಹೊರಗಿದ್ದ ಎಚ್‌ಡಿಎಸಿ-3 ಎಂಬ ಕಿಣ್ವ ಕೋಶಕೇಂದ್ರದೊಳಗೆ ಹೋಯಿತು. ಅದು ಒಳಗೆ ಹೋದರೆ ಡಿಎನ್‌ಎ ಇನ್ನಷ್ಟು ಒತ್ತಾಗಿ ಮಡಚಿಕೊಳ್ಳುತ್ತದೆ. ನಿಘಂಟಿನ ಪುಟಗಳು ಅಂಟಿಕೊಂಡ ಹಾಗೆ. ಜೀನ್‌ಗಳು ಒಂದೊಂದಾಗಿ ಅಲ್ಲ, ಗುಂಪುಗುಂಪಾಗಿ ಏರುಪೇರಾದವು.

2018ರಲ್ಲಿ ಇದೇ ಬಳಗ ಫೈಬ್ರೋಬ್ಲಾಸ್ಟ್‌ಗಳನ್ನು ಇಕ್ಕಟ್ಟಾದ ಅಚ್ಚಿನಲ್ಲಿ ಸುಮಾರು ಹತ್ತು ದಿನ ಬೆಳೆಸಿ, ಹೊರಗಿನ ಯಾವ ರಾಸಾಯನಿಕವನ್ನೂ ಸೇರಿಸದೆ, ಅವು ಕಾಂಡಕೋಶದ ಗುಣ ತೋರುವುದನ್ನು ಕಂಡಿತು. 2020ರಲ್ಲಿ ಅಂಥವನ್ನು ಕೊಲ್ಯಾಜೆನ್ ಹಾಸಿನಲ್ಲಿಟ್ಟು, ಮತ್ತೆ ಚುರುಕಾದ ಫೈಬ್ರೋಬ್ಲಾಸ್ಟ್ ಆಗುವಂತೆ ಮಾಡಿತು. ಇದೆಲ್ಲ ಪ್ರಯೋಗಾಲಯದ ಮಾತು. ಮಾಲ್‌ನಲ್ಲಿ ಯಾರಾದರೂ ಡಬ್ಬಿ ಹಿಡಿದು 'ಈ ಕ್ರೀಮ್ ನಿಮ್ಮ ಜೀನ್ ಎಬ್ಬಿಸುತ್ತದೆ' ಎಂದರೆ ನಕ್ಕು ಮುಂದೆ ನಡೆಯಿರಿ.

ಇಷ್ಟಕ್ಕೂ ವಾಟ್ ಅವರ ದ್ವೀಪದಂಥದ್ದು ನಮ್ಮ ಮೈಯಲ್ಲೇ ನಡೆಯುತ್ತದೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು 18ರಿಂದ 29 ವರ್ಷದವರ ಚರ್ಮವನ್ನೂ 80 ದಾಟಿದವರ ಚರ್ಮವನ್ನೂ ಹೋಲಿಸಿದರು. ವಯಸ್ಸಾದ ಚರ್ಮದಲ್ಲಿ ಕೊಲ್ಯಾಜೆನ್ ತುಂಡಾಗಿರುತ್ತದೆ, ಫೈಬ್ರೋಬ್ಲಾಸ್ಟ್‌ಗೆ ಹಿಡಿತ ಸಿಗುವುದಿಲ್ಲ. ಅದು ಮುದುರುತ್ತದೆ. ಮುದುರಿದ್ದು ಹೊಸ ಕೊಲ್ಯಾಜೆನ್ ಕಡಿಮೆ ಮಾಡುತ್ತದೆ. ನೆಲ ಇನ್ನಷ್ಟು ಹಾಳಾಗುತ್ತದೆ.

ಬಿಸಿಲಿನ ನೇರಳಾತೀತ ಕಿರಣ ಈ ಕೊಲ್ಯಾಜೆನ್ ಕತ್ತರಿಸುವ ಕಿಣ್ವಗಳನ್ನು ಹೆಚ್ಚಿಸುತ್ತದೆ. ಅಂದರೆ ಇದೇ ಕೆಲಸವನ್ನು ಬಿಸಿಲು ವಯಸ್ಸಿಗೆ ಮೊದಲೇ ಶುರು ಮಾಡುತ್ತದೆ. ಕತಾರಿನಲ್ಲಿ 2021ರಿಂದ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನ ಕೆಲಸಕ್ಕೆ ನಿಷೇಧವಿದೆ. ಅದು ಸೆಕೆಯ ಲೆಕ್ಕಾಚಾರ. ಚರ್ಮದ ಲೆಕ್ಕ ಮಾರ್ಚಿನಲ್ಲೂ ಇದೆ, ಅಕ್ಟೋಬರಿನಲ್ಲೂ ಇದೆ. ಸೈಟಿನಲ್ಲಿ ನಿಲ್ಲುವ ನಿಮ್ಮ ಅಪ್ಪನಿಗೆ, ಮಾಮನಿಗೆ ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ ಎಂದು ಹೇಳಿ. ಹೇಳಿದರೆ ಕೇಳುತ್ತಾರೆಯೇ, ಅದು ಬೇರೆ ಪ್ರಶ್ನೆ.

ಕಿರಣಗಳಲ್ಲಿ ಒಂದು ಬಗೆ ಕಾರಿನ ಕಿಟಕಿ ಗಾಜನ್ನೂ ದಾಟುತ್ತದೆ. 2012ರಲ್ಲಿ ಒಂದು ಅಮೆರಿಕನ್ ವೈದ್ಯಕೀಯ ಪತ್ರಿಕೆಯಲ್ಲಿ, 28 ವರ್ಷ ಟ್ರಕ್ ಓಡಿಸಿದ 69 ವರ್ಷದವರೊಬ್ಬರ ಚಿತ್ರ ಬಂದಿತ್ತು. ಮುಖದ ಎಡಗಡೆಯೆಲ್ಲ ಸುಕ್ಕು, ಬಲಗಡೆ ಇಪ್ಪತ್ತು ವರ್ಷ ಚಿಕ್ಕವರಂತೆ. ಇಲ್ಲೂ ಸ್ಟೀರಿಂಗ್ ಎಡಕ್ಕೇ. ವರ್ಷಗಟ್ಟಲೆ ಇಲ್ಲಿ ಗಾಡಿ ಓಡಿಸಿರುವ ಮಾಮಂದಿರ ಎಡ ಮುಂಗೈಯನ್ನೂ ಬಲ ಮುಂಗೈಯನ್ನೂ ಒಮ್ಮೆ ಪಕ್ಕಪಕ್ಕ ಇಡಿಸಿ ನೋಡಿ.